ಮಳೆ ಬಂದರೆ ಬಾಗಿಲು ಹಾಕುವ ಕಡಲ ದಾರಿ

ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರದ ದಕ್ಷಿಣಕ್ಕೆ, ಅಟ್ಲಾಂಟಿಕ್ ಸಾಗರದ ದಂಡೆಯಲ್ಲಿ ಹೌಟ್ ಬೇ ಎಂಬ ಮೀನುಗಾರಿಕೆ ಬಂದರು ಇದೆ. ಅಲ್ಲಿಂದ ಇನ್ನೂ ಕೆಳಗೆ ಹೋದರೆ ನೂರ್ಡ್‌ಹುಕ್‌ನ ಉದ್ದನೆಯ ಬಿಳಿ ಮರಳು. ಎರಡು ಊರುಗಳ ನಡುವೆ ಅಡ್ಡಲಾಗಿ ನಿಂತಿರುವುದು ಚಾಪ್‌ಮನ್ಸ್ ಪೀಕ್, ಸುಮಾರು 590 ಮೀಟರ್ ಎತ್ತರದ ಬೆಟ್ಟ. ಅದರ ಬುಡ ನೇರವಾಗಿ ಸಮುದ್ರದಲ್ಲಿದೆ; ನಡುವೆ ಕಾಲಿಡಲು ಬಯಲೆಂಬುದಿಲ್ಲ. ಈ ಬೆಟ್ಟದ ಸೊಂಟವನ್ನು ಕೊರೆದು ಮಾಡಿದ 9 ಕಿ.ಮೀ. ದಾರಿಯೇ ಚಾಪ್‌ಮನ್ಸ್ ಪೀಕ್ ಡ್ರೈವ್. 114 ತಿರುವುಗಳು, ಒಂದು ಬದಿಗೆ ಕಡಿದಾದ ಬಂಡೆಗೋಡೆ, ಇನ್ನೊಂದು ಬದಿಗೆ ಪ್ರಪಾತದ ತಳದಲ್ಲಿ ನೊರೆಗಟ್ಟುವ ನೀರು. ಜಗತ್ತಿನ ಚೆಲುವಾದ ರಸ್ತೆಗಳ ಪಟ್ಟಿ ಮಾಡುವವರು ಇದನ್ನು ಬಿಟ್ಟು ಮಾಡುವುದು ಕಡಿಮೆ.

ಚೆಲುವಿನ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ನನ್ನನ್ನು ಹಿಡಿದಿಟ್ಟದ್ದು ಈ ರಸ್ತೆಯನ್ನು ನೋಡಿಕೊಳ್ಳುವ ಕೆಲಸ. ಇದು ಟೋಲ್ ರಸ್ತೆ. ಟೋಲ್ ಎಂದರೆ ನಾವು ತಿಳಿದಿರುವುದು ಟಾರು, ಅಗಲ, ವೇಗ. ಇಲ್ಲಿ ಕೊಡುವ ಹಣದಲ್ಲಿ ವೇಗ ಸಿಗುವುದಿಲ್ಲ, ನಾಲ್ಕು ಪಥಗಳೂ ಇಲ್ಲ. ತಲೆಯ ಮೇಲಿನ ಬೆಟ್ಟವನ್ನು ಯಾರೋ ದಿನವೂ ಗಮನಿಸುತ್ತಿರುತ್ತಾರೆ, ಅದು ಕೈಕೊಡುವ ಸೂಚನೆ ಕಂಡರೆ ದಾರಿಯನ್ನೇ ಮುಚ್ಚುತ್ತಾರೆ. ವಾಹನ ಸವಾರ ಹಣ ಕೊಡುವುದು ಮುಖ್ಯವಾಗಿ ಇದಕ್ಕೆ.

ಬೆಟ್ಟಕ್ಕೆ ಹೆಸರು ಬಂದದ್ದು 1607ರಲ್ಲಿ. ಕನ್ಸೆಂಟ್ ಎಂಬ ಇಂಗ್ಲಿಷ್ ಹಡಗು ಈ ತೀರದಲ್ಲಿ ನಿಂತಾಗ, ಇಲ್ಲಿ ಲಂಗರು ಹಾಕಬಹುದೇ ಎಂದು ನೋಡಿ ಬರಲು ಜಾನ್ ಚಾಪ್‌ಮನ್ ಎಂಬ ನಾವಿಕನನ್ನು ದೋಣಿಯಲ್ಲಿ ದಡಕ್ಕೆ ಕಳಿಸಿದರು. ಆ ದೇಶದ ಇಂಗ್ಲಿಷ್ ಸ್ಥಳನಾಮಗಳಲ್ಲಿ ಇದು ಅತ್ಯಂತ ಹಳೆಯದೆಂದು ಹೇಳುತ್ತಾರೆ. ರಸ್ತೆಯ ಕಥೆ ಶುರುವಾಗಲು ಇನ್ನೂ 300 ವರ್ಷ ಬೇಕಾಯಿತು. ಕೇಪ್ ಪ್ರಾಂತ್ಯದ ಮೊದಲ ಆಡಳಿತಾಧಿಕಾರಿ ಸರ್ ಫ್ರೆಡರಿಕ್ ಡಿ ವಾಲ್ ಈ ಬೆಟ್ಟದ ಮೈಮೇಲೆ ರಸ್ತೆ ಬೇಕೇ ಬೇಕೆಂದು ಹಟ ಹಿಡಿದರು. ಅಳತೆಗೆ ಹೋದವರಿಗೆ ಕಂಡದ್ದು ಉದುರುವ ಕಲ್ಲು, ನಿಲ್ಲಲು ನೆಲೆ ಕೊಡದ ಇಳಿಜಾರು. 1915ರಲ್ಲಿ, ಮೊದಲ ಮಹಾಯುದ್ಧದ ನಡುವೆಯೇ ಕೆಲಸ ಆರಂಭವಾಯಿತು. ಹೌಟ್ ಬೇ ಕಡೆಯ ಭಾಗ 1919ರಲ್ಲಿ ತೆರೆಯಿತು. ಇಡೀ ರಸ್ತೆಯನ್ನು 1922ರ ಮೇ 6ರಂದು ಗವರ್ನರ್ ಜನರಲ್ ಆಗಿದ್ದ ಕನಾಟ್‌ನ ರಾಜಕುಮಾರ ಆರ್ಥರ್ ಉದ್ಘಾಟಿಸಿದರು. ಏಳು ವರ್ಷ, 20,000 ಪೌಂಡ್. ಇಷ್ಟು ಅಗ್ಗವಾಗಲು ಒಂದು ಕಾರಣ, ಕಲ್ಲು ಒಡೆದವರಲ್ಲಿ ಹೆಚ್ಚಿನವರು ಸೆರೆಮನೆಯ ಕೈದಿಗಳು. ರಸ್ತೆಯ ಇತಿಹಾಸ ಹೇಳುವಾಗ ರಾಜಕುಮಾರನ ಹೆಸರು ತಪ್ಪದೆ ಬರುತ್ತದೆ, ಹಗ್ಗಕ್ಕೆ ಜೋತುಬಿದ್ದು ಸುತ್ತಿಗೆ ಹಿಡಿದವರ ಹೆಸರು ಬರುವುದಿಲ್ಲ. ಈ ರಸ್ತೆಯನ್ನು ಮೆಚ್ಚುವಾಗಲೆಲ್ಲ ನನಗೆ ಇದು ಚುಚ್ಚುತ್ತದೆ.

ಅಂಥ ಬೆಟ್ಟದಲ್ಲಿ ದಾರಿ ಸಾಧ್ಯವಾದದ್ದು ಹೇಗೆ? ಉತ್ತರ ಕಲ್ಲಿನಲ್ಲಿದೆ. ಚಾಪ್‌ಮನ್ಸ್ ಪೀಕ್‌ನ ತಳ ಗ್ರಾನೈಟ್, ಸುಮಾರು 54 ಕೋಟಿ ವರ್ಷ ಹಳೆಯದು. ಆ ಗ್ರಾನೈಟ್ ಸವೆದು ಸಮತಟ್ಟಾದ ಮೇಲೆ ಅದರ ಮೇಲೆ ಮರಳು, ಕೆಸರು ಪದರಪದರವಾಗಿ ಕೂತು ಶಿಲೆಯಾಯಿತು. ಮೊದಲು ಕೂತದ್ದು ಕೆಂಪು ಕಂದು ಬಣ್ಣದ ತೆಳು ಪದರಗಳು, ಒಂದು ಮರಳುಗಲ್ಲಾದರೆ ಮತ್ತೊಂದು ಕೆಸರುಗಲ್ಲು. ಅದರ ಮೇಲೆ ಬೂದು ಬಣ್ಣದ ಗಟ್ಟಿ ಮರಳುಗಲ್ಲಿನ ಗೋಡೆ. ಗ್ರಾನೈಟ್ ಮುಗಿದು ಕೆಂಪು ಪದರ ಶುರುವಾಗುವ ಗೆರೆ ಬೆಟ್ಟದ ಸುತ್ತ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಹೋಗುತ್ತದೆ. ರಸ್ತೆ ಕಟ್ಟಿದವರು ಈ ಗೆರೆಯನ್ನೇ ಬಹುಮಟ್ಟಿಗೆ ಹಿಡಿದರು. ಕೆಳಗಿನ ಗ್ರಾನೈಟ್ ಗಟ್ಟಿ ನೆಲವಾಯಿತು, ಮೇಲಿನ ಮೆದು ಪದರ ಕಡಿಯಲು ಸುಲಭವಾಯಿತು. ಕಾರು ನಿಲ್ಲಿಸಿ ಗೋಡೆಯತ್ತ ತಿರುಗಿದರೆ ಎರಡು ಯುಗಗಳ ಸಂಧಿ ಕಣ್ಣಿನ ಮಟ್ಟದಲ್ಲೇ ಕಾಣುತ್ತದೆ. ಭೂವಿಜ್ಞಾನದ ವಿದ್ಯಾರ್ಥಿಗಳನ್ನು ಇಲ್ಲಿಗೆ ಕರೆತರುವುದು ಇದನ್ನು ತೋರಿಸಲಿಕ್ಕೆ.

ರಸ್ತೆಗೆ ಜಾಗ ಕೊಟ್ಟ ಆ ಮೆದು ಪದರದಿಂದಲೇ ತೊಂದರೆಯೂ ಬಂತು. ಮಳೆ, ಗಾಳಿಗೆ ಕೆಸರುಗಲ್ಲು ಬೇಗ ಸವೆಯುತ್ತದೆ. ಅದರ ಮೇಲಿನ ಮರಳುಗಲ್ಲು ಆಸರೆ ಕಳೆದುಕೊಂಡು ಹೊರಚಾಚಿ ನಿಲ್ಲುತ್ತದೆ. ಬಿರುಕಿಗೆ ನೀರು ಇಳಿಯುತ್ತದೆ, ಬೇರು ಇಳಿಯುತ್ತದೆ, ಒಂದು ದಿನ ಬಂಡೆ ಕಳಚುತ್ತದೆ. ಕೇಪ್‌ನಲ್ಲಿ ಮಳೆಗಾಲವೆಂದರೆ ಚಳಿಗಾಲ. ನಮ್ಮ ಕರಾವಳಿಯಲ್ಲಿ ಮುಂಗಾರು ಸುರಿಯುವ ಜೂನ್, ಜುಲೈ ತಿಂಗಳುಗಳಲ್ಲೇ ಅಲ್ಲೂ ವಾಯವ್ಯದಿಂದ ಬಿರುಮಳೆ ಬಂದು ಅಪ್ಪಳಿಸುತ್ತದೆ. ಬೇಸಿಗೆಯಲ್ಲಿ ಬೇರೆ ಕಾಟ. ಆಗ್ನೇಯದ ಒಣಗಾಳಿಗೆ ಫಿನ್‌ಬಾಸ್ ಎಂಬ ಅಲ್ಲಿನ ಕುರುಚಲು ಕಾಡಿಗೆ ಬೆಂಕಿ ಬೀಳುತ್ತದೆ. ಬೆಂಕಿ ಆ ಕಾಡಿಗೆ ಸಹಜವೇ. ಬೀಜ ಮೊಳೆಯಲು ಬೆಂಕಿ ಬೇಕಾದ ಗಿಡಗಳೂ ಅಲ್ಲಿವೆ. ಆದರೆ ಇಳಿಜಾರಿನ ಸಡಿಲ ಕಲ್ಲುಗಳನ್ನು ಹಿಡಿದಿಟ್ಟ ಪೊದೆ ಸುಟ್ಟುಹೋದರೆ ಕಲ್ಲು ತಾನಾಗಿ ಉರುಳತೊಡಗುತ್ತದೆ.

1990ರ ದಶಕದಲ್ಲಿ ಹೀಗೆ ಬಿದ್ದ ಬಂಡೆಗಳಿಗೆ ಜನ ಬಲಿಯಾದರು. ಬಂಡೆ ಬಿದ್ದ ಒಂದು ಪ್ರಕರಣ ದೇಶದ ಮೇಲ್ಮನವಿ ನ್ಯಾಯಾಲಯದವರೆಗೆ ಹೋಯಿತು. ಅಲ್ಲಿ ಚರ್ಚೆಯಾದ ಪ್ರಶ್ನೆ ಸರಳ, ಆದರೆ ಗುಡ್ಡದ ಬುಡದಲ್ಲಿ ರಸ್ತೆ ಇಟ್ಟುಕೊಂಡ ಯಾವ ಆಡಳಿತವೂ ತಪ್ಪಿಸಿಕೊಳ್ಳಲಾಗದ್ದು: ಅಪಾಯವಿದೆ ಎಂದು ಗೊತ್ತಿದ್ದ ಮೇಲೆ, ಕೆಟ್ಟ ಹವೆಯಲ್ಲಿ ರಸ್ತೆಯನ್ನು ಏಕೆ ಮುಚ್ಚಲಿಲ್ಲ? 2000ದ ಜನವರಿಯಲ್ಲಿ ಕೇಪ್ ಪರ್ಯಾಯದ್ವೀಪದ ಸಾವಿರಾರು ಹೆಕ್ಟೇರ್ ಸುಟ್ಟ ದೊಡ್ಡ ಬೆಂಕಿ ಬಂತು. ಅದೇ ತಿಂಗಳು ರಸ್ತೆ ಮುಚ್ಚಿತು, ಸುಮಾರು ನಾಲ್ಕು ವರ್ಷ ತೆರೆಯಲಿಲ್ಲ. ಹೌಟ್ ಬೇ ಮತ್ತು ನೂರ್ಡ್‌ಹುಕ್‌ನ ಜನ ಸುತ್ತು ಹಾಕಿ ಓಡಾಡಿದರು. ಪ್ರತಿವರ್ಷ ಇಲ್ಲಿ ಹಾದುಹೋಗುತ್ತಿದ್ದ 56 ಕಿ.ಮೀ. ಓಟದ ಸ್ಪರ್ಧೆ ಟೂ ಓಶನ್ಸ್ ಮ್ಯಾರಥಾನ್ ಸಹ ಬೇರೆ ದಾರಿ ಹಿಡಿಯಿತು.

ಸರ್ಕಾರದ ಬೊಕ್ಕಸದಲ್ಲಿ ಈ ಬೆಟ್ಟವನ್ನು ಹದಕ್ಕೆ ತರುವಷ್ಟು ಹಣವಿರಲಿಲ್ಲ. ವೆಸ್ಟರ್ನ್ ಕೇಪ್ ಪ್ರಾಂತ್ಯ ಎಂಟಿಲಿನಿ ಎಂಬ ಕಂಪನಿಗೆ 30 ವರ್ಷದ ಒಪ್ಪಂದದಲ್ಲಿ ರಸ್ತೆಯನ್ನು ವಹಿಸಿತು. ರಸ್ತೆ ಸರ್ಕಾರದ್ದೇ, ವಿನ್ಯಾಸ, ದುರಸ್ತಿ, ಸುಂಕ ವಸೂಲಿ, ನಿತ್ಯದ ನಿರ್ವಹಣೆ ಕಂಪನಿಯದು. 2003ರ ಡಿಸೆಂಬರ್‌ನಲ್ಲಿ ದಾರಿ ಮತ್ತೆ ತೆರೆಯಿತು.

ತೆರೆಯುವ ಮೊದಲು ಮಾಡಿದ ಕೆಲಸದಲ್ಲಿ ಮೂರು ಬಗೆಯ ಜಾಣ್ಮೆ ಇದೆ. ಮೊದಲು, ಹಗ್ಗ ಕಟ್ಟಿಕೊಂಡ ಕೆಲಸಗಾರರು ಗೋಡೆಯಲ್ಲಿ ಇಳಿದು ಸಡಿಲವಾದ ಕಲ್ಲುಗಳನ್ನು ಹಾರೆಯಿಂದ ಮೀಟಿ ತಾವೇ ಉರುಳಿಸಿದರು. ಹೇಗೂ ಬೀಳುವುದನ್ನು ಹೇಳಿ ಕೇಳಿ ಬೀಳಿಸುವುದು. ಎರಡನೆಯದು, ಬಂಡೆ ತೀರಾ ಮುಂದಕ್ಕೆ ಚಾಚಿದ ಜಾಗದಲ್ಲಿ ರಸ್ತೆಯನ್ನೇ ಬೆಟ್ಟದ ಒಳಕ್ಕೆ ತಳ್ಳಿದರು. ಸುಮಾರು 150 ಮೀಟರ್ ಉದ್ದದ ಅರೆ ಸುರಂಗ ಇದು: ತಲೆಯ ಮೇಲೆ ಬಂಡೆಯ ಚಾವಣಿ, ಸಮುದ್ರದ ಕಡೆ ಪೂರಾ ತೆರೆದದ್ದು. ಮೇಲಿಂದ ಕಳಚಿದ್ದು ಕಾರುಗಳ ಮೇಲಿನಿಂದ ಹಾರಿ ನೇರ ನೀರಿಗೆ ಬೀಳಬೇಕು ಎಂಬ ಲೆಕ್ಕ. ಬೇರೆ ಕಡೆ ಇದೇ ಕೆಲಸಕ್ಕೆ ಕಾಂಕ್ರೀಟ್ ಚಪ್ಪರ ಹಾಕಿದ್ದಾರೆ.

ಮೂರನೆಯದು ಉಕ್ಕಿನ ಬಲೆ, ನನಗೆ ಬಹಳ ಇಷ್ಟವಾದದ್ದು. ಇಳಿಜಾರಿನ ಮೇಲೆ ಕಂಬ ನೆಟ್ಟು, ಉಕ್ಕಿನ ತಂತಿಯ ಬಳೆಗಳನ್ನು ಒಂದಕ್ಕೊಂದು ಹೆಣೆದ ಬೇಲಿಗಳನ್ನು ಎಳೆದು ಕಟ್ಟಿದ್ದಾರೆ. ಉರುಳುವ ಬಂಡೆಯ ಎದುರು ಸೆಟೆದು ನಿಂತದ್ದು ಒಡೆಯುತ್ತದೆ ಎಂಬುದು ಇದರ ಹಿಂದಿನ ತಿಳಿವಳಿಕೆ. ಆದ್ದರಿಂದ ಬಲೆ ಬಗ್ಗುತ್ತದೆ. ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿಯುವವನು ಚೆಂಡಿನ ಜೊತೆಗೆ ಕೈಯನ್ನು ಹಿಂದಕ್ಕೆ ಒಯ್ಯುವ ಹಾಗೆ, ಬಳೆಗಳು ಹಿಗ್ಗಿ, ಹಗ್ಗಗಳಿಗೆ ಜೋಡಿಸಿದ ಬ್ರೇಕುಗಳು ಜಗ್ಗಿ, ಬಂಡೆಯ ರಭಸವನ್ನು ಕುಡಿದುಬಿಡುತ್ತವೆ. ಹಾಗೆ ಹಿಗ್ಗಿದ ಬಲೆಯನ್ನು ಹಾಗೇ ಬಿಡುವಂತಿಲ್ಲ. ಬಿದ್ದ ಕಲ್ಲನ್ನು ತೆಗೆದು, ಜಗ್ಗಿದ ಬ್ರೇಕು ಬದಲಿಸಿ, ಮತ್ತೆ ಬಿಗಿದು ಕಟ್ಟಬೇಕು. ತುಂಬಿದ ಬಲೆ ಮುಂದಿನ ಬಂಡೆಯನ್ನು ಹಿಡಿಯಲಾರದು. ಉಪ್ಪುಗಾಳಿ ಬೇರೆ, ಸತುವಿನ ಲೇಪ ಕೊಟ್ಟ ತಂತಿಯನ್ನೂ ಅದು ನಿಧಾನವಾಗಿ ತಿನ್ನುತ್ತದೆ. ಸವಾರನ ಕಣ್ಣಿಗೆ ಬೀಳದ ಈ ಕೆಲಸ ವರ್ಷಪೂರ್ತಿ ನಡೆಯಬೇಕು, ಅದೂ ನಿಲ್ಲಲು ನೆಲವಿಲ್ಲದ ಕಡೆ, ಹಗ್ಗದ ಮೇಲೆ.

ಇಷ್ಟೆಲ್ಲ ಮಾಡಿಯೂ ಬೆಟ್ಟ ಪೂರ್ತಿ ಕೈಗೆ ಬಂದಿಲ್ಲ ಎಂಬುದನ್ನು ನಿರ್ವಹಣೆಯವರು ಒಪ್ಪಿಕೊಂಡೇ ಕೆಲಸ ಮಾಡುತ್ತಾರೆ. ಈ ಸಂಸ್ಥೆಯಲ್ಲಿ ನಾನು ಗೌರವಿಸುವುದು ಅದನ್ನೇ. ಮಳೆ ಹೆಚ್ಚಿದರೆ, ಕಲ್ಲು ಉದುರತೊಡಗಿದರೆ, ಮೇಲೆ ಬೆಂಕಿ ಕಂಡರೆ ದಾರಿ ಬಂದ್. ರಸ್ತೆ ತೆರೆದಿದೆಯೇ ಇಲ್ಲವೇ ಎಂಬುದನ್ನು ಸವಾರರಿಗೆ ಮುಂಚೆಯೇ ತಿಳಿಸುತ್ತಾರೆ. ಮಳೆ ನಿಂತೊಡನೆ ಬಾಗಿಲು ತೆಗೆಯುವುದಿಲ್ಲ. ಇಳಿಜಾರನ್ನು ನೋಡಿ, ರಸ್ತೆ ಗುಡಿಸಿ, ಆಮೇಲೆ. ಕೆಲವೊಮ್ಮೆ ಗಂಟೆಗಳು, ಕೆಲವೊಮ್ಮೆ ದಿನಗಳು. 2008ರ ಚಳಿಗಾಲದ ಮಳೆಗೆ ಮುಚ್ಚಿದ್ದು ತೆರೆದದ್ದು 2009ರ ಅಕ್ಟೋಬರ್‌ನಲ್ಲಿ. 2015ರ ಮಾರ್ಚ್‌ನ ಬೆಂಕಿಯಲ್ಲಿ, ಹತ್ತಾರು ಸಾವಿರ ಜನ ಭಾಗವಹಿಸುವ ಕೇಪ್‌ಟೌನ್ ಸೈಕಲ್ ಸ್ಪರ್ಧೆಯನ್ನೇ ಈ ದಾರಿ ಬಿಟ್ಟು 47 ಕಿ.ಮೀ.ಗೆ ಮೊಟಕುಗೊಳಿಸಿದರು.

ಮುಚ್ಚಿದ ದಿನ ಸುಂಕದ ಕಟ್ಟೆಯಲ್ಲಿ ಕಾಸು ಹುಟ್ಟುವುದಿಲ್ಲ. ಮುಚ್ಚುವ ತೀರ್ಮಾನ ಮಾಡುವವರೇ ತೆರೆದರೆ ದುಡಿಯುವವರು ಎಂದಾದಾಗ ಆಸೆ ಯಾವ ಕಡೆ ಎಳೆಯುತ್ತದೆ ಎಂದು ಹೇಳಬೇಕಿಲ್ಲ. ಅದಕ್ಕೇ ಮುಚ್ಚಿದ ಅವಧಿಯ ನಷ್ಟದ ಹೊರೆಯನ್ನು ಪ್ರಾಂತ್ಯವೂ ಹೊರುವಂತೆ ಒಪ್ಪಂದ ಮಾಡಿದ್ದರು. ತೆರಿಗೆದಾರರು ಇದಕ್ಕೆ ಸಿಟ್ಟಾದರು: ರಸ್ತೆಯೂ ಇಲ್ಲ, ಹಣವೂ ಹೋಯಿತು ಎಂದು. ಮೊತ್ತದ ಬಗ್ಗೆ ಅವರ ಸಿಟ್ಟು ನ್ಯಾಯವಾದದ್ದೇ ಇರಬಹುದು. ಆದರೆ ಬಾಗಿಲು ಹಾಕಿದವನಿಗೆ ದಂಡ ಬೀಳಬಾರದು ಎಂಬ ತತ್ತ್ವವನ್ನು ಕೈಬಿಟ್ಟರೆ ಅನುಮಾನದ ದಿನಗಳಲ್ಲಿ ಬಾಗಿಲು ತೆರೆದೇ ಇರುತ್ತದೆ.

ಸ್ಥಳೀಯರ ಜಗಳ ಅಷ್ಟಕ್ಕೇ ನಿಲ್ಲಲಿಲ್ಲ. ಅಜ್ಜಂದಿರ ಕಾಲದಿಂದ ಬಿಟ್ಟಿಯಾಗಿ ಓಡಾಡಿದ ದಾರಿಗೆ ಈಗೇಕೆ ಸುಂಕ ಎಂದು ಶುರುವಾದದ್ದು, ಹೌಟ್ ಬೇ ಕಡೆ ಟೇಬಲ್ ಮೌಂಟನ್ ರಾಷ್ಟ್ರೀಯ ಉದ್ಯಾನದ ನೆಲದಲ್ಲಿ ಟೋಲ್ ಕಟ್ಟಡ ಕಟ್ಟಲು ಹೊರಟಾಗ ಉಪವಾಸ ಸತ್ಯಾಗ್ರಹದವರೆಗೆ ಹೋಯಿತು. 2012ರ ಸುಮಾರಿನ ಮಾತು. ಕಟ್ಟಡವೇನೋ ಎದ್ದಿತು. ಸಮುದ್ರ ನೋಡಿಕೊಂಡು ಹಾದುಹೋಗುವ ಜಾಗದಲ್ಲಿ ಅಷ್ಟು ದೊಡ್ಡ ಕಛೇರಿ ಏಕೆ ಎಂಬ ಪ್ರಶ್ನೆ ನನಗೂ ಸರಿಯೆನಿಸುತ್ತದೆ.

ಇದನ್ನು ಓದುವ ಉತ್ತರ ಕನ್ನಡದವರ ಮನಸ್ಸು ಈಗಾಗಲೇ ಶಿರೂರಿಗೆ ಹೋಗಿರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನಲ್ಲಿ, ಭಾರಿ ಮಳೆಯ ನಡುವೆ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿಯಿತು. ರಸ್ತೆಬದಿಯ ಚಹಾದಂಗಡಿ, ನಿಂತಿದ್ದ ವಾಹನಗಳು, ಮನುಷ್ಯರು ಮಣ್ಣಿನೊಂದಿಗೆ ಗಂಗಾವಳಿ ನದಿ ಸೇರಿದರು. ಹಾಗೆ ಕೊಚ್ಚಿಹೋದ ಲಾರಿಯೊಂದನ್ನು ನದಿಯ ತಳದಿಂದ ಮೇಲೆತ್ತುವಾಗ ಸೆಪ್ಟೆಂಬರ್ ಬಂದಿತ್ತು. ಆ ಹೆದ್ದಾರಿಯಲ್ಲೂ ನಾವು ಟೋಲ್ ಕಟ್ಟುತ್ತೇವೆ. ಕೇಪ್‌ನ ಕಲ್ಲು ಬೇರೆ, ನಮ್ಮ ಕೆಂಪು ಮಣ್ಣು ಬೇರೆ, ಮಳೆಯ ಪ್ರಮಾಣವಂತೂ ಹೋಲಿಕೆಗೇ ಸಿಗದು. ಉಕ್ಕಿನ ಬಲೆ ಇಲ್ಲಿ ಎಲ್ಲ ಕಡೆ ಉಪಯೋಗಕ್ಕೆ ಬಾರದು. ಆದರೆ ದಕ್ಷಿಣ ಆಫ್ರಿಕಾದ ಆ ನ್ಯಾಯಾಲಯದಲ್ಲಿ ಕೇಳಿದ ಪ್ರಶ್ನೆ ಇಲ್ಲಿಗೂ ಸಲ್ಲುತ್ತದೆ. ಇಷ್ಟು ಮಳೆ ಬಿದ್ದರೆ ಇಂಥ ತಿರುವಿನಿಂದ ಇಂಥ ತಿರುವಿನವರೆಗೆ ಬಂದ್ ಎಂದು ಮೊದಲೇ ಬರೆದಿಟ್ಟ ನಿಯಮ, ಅದನ್ನು ಜಾರಿ ಮಾಡಲು ಅಧಿಕಾರವಿರುವ ಒಬ್ಬ ಮನುಷ್ಯ, ಬದಲಿ ದಾರಿಯ ಫಲಕ, ಇವು ನಮ್ಮ ಕಡಿದ ಗುಡ್ಡಗಳ ಬುಡದಲ್ಲೂ ಬೇಕು. ಕಡಿದ ಗುಡ್ಡದ ಮೇಲೆ ಮಾಡಿದ ಖರ್ಚನ್ನು ರಸ್ತೆಯ ಖರ್ಚೆಂದೇ ಲೆಕ್ಕ ಹಿಡಿಯುವುದನ್ನು ನಾವು ಇನ್ನೂ ರೂಢಿ ಮಾಡಿಕೊಂಡಿಲ್ಲ.

ಕೇಪ್‌ಟೌನ್‌ಗೆ ಹೋಗುವವರಿಗೆ ಕೆಲವು ಮಾತು. ಟೋಲ್ ಗೇಟು ಇರುವುದು ಹೌಟ್ ಬೇ ತುದಿಯಲ್ಲಿ. ಸೈಕಲ್‌ನವರಿಗೂ ನಡೆಯುವವರಿಗೂ ಸುಂಕವಿಲ್ಲ. ಹೌಟ್ ಬೇ ಕಡೆಯಿಂದ ಬಂದು, ನೋಟದ ತಾಣಗಳಲ್ಲಿ ಬುತ್ತಿ ಬಿಚ್ಚಿ ಉಂಡು, ಅದೇ ಗೇಟಿನಿಂದ ಹಿಂದಿರುಗುವವರಿಗೆ ಉಚಿತ ದಿನದ ಪಾಸು ಕೊಡುವ ಪದ್ಧತಿ ಇಟ್ಟಿದ್ದಾರೆ. ಚೆಲುವು ನೋಡಲಿಕ್ಕೆ ಹಣ ಕೇಳಬಾರದೆಂಬ ಈ ಏರ್ಪಾಡು ನನಗೆ ತುಂಬ ಹಿಡಿಸಿತು. ಹೌಟ್ ಬೇಯಿಂದ ಹತ್ತುವಾಗ ನೀರಿನ ಅಂಚಿನ ಬಂಡೆಯ ಮೇಲೆ ಕುಳಿತ ಕಂಚಿನ ಚಿರತೆಯನ್ನು ನೋಡಿ. ಇವಾನ್ ಮಿಟ್‌ಫರ್ಡ್ ಬಾರ್ಬರ್ಟನ್ ಎಂಬ ಶಿಲ್ಪಿ 1963ರಲ್ಲಿ ಮಾಡಿದ್ದು, ಈ ಬೆಟ್ಟಗಳಲ್ಲಿ ಒಂದು ಕಾಲಕ್ಕೆ ತಿರುಗಾಡುತ್ತಿದ್ದ ಪ್ರಾಣಿಗಳ ನೆನಪಿಗೆ. ಸಂಜೆ ಹೊತ್ತು ನೂರ್ಡ್‌ಹುಕ್ ಕಡೆಗೆ ಇಳಿದರೆ ಸೂರ್ಯ ನಿಮ್ಮ ಬಲಕ್ಕಿರುತ್ತಾನೆ. ಹೊರಡುವ ಮೊದಲು ರಸ್ತೆ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ. ಮುಚ್ಚಿದ್ದರೆ ಔ ಕಾಪ್ಸ್ ವೆಗ್ ಎಂಬ ಘಾಟಿ ರಸ್ತೆ ಬೆಟ್ಟದ ಆಚೆ ಬದಿಯಿಂದ ನಿಮ್ಮನ್ನು ನೂರ್ಡ್‌ಹುಕ್‌ಗೆ ಮುಟ್ಟಿಸುತ್ತದೆ. ಅದಕ್ಕೆ ಸುಂಕವಿಲ್ಲ, ಸ್ವಲ್ಪ ಸುತ್ತು ಅಷ್ಟೇ.