ಬದಲಾದ ಸೌದಿಯಲ್ಲಿ ನಮ್ಮವರ ಪಾಡು

ಸೌದಿ ಮೊದಲಿನಂತಿಲ್ಲ ಎಂದು ರಜೆಗೆ ಬಂದವರೆಲ್ಲ ಹೇಳುತ್ತಾರೆ. ಹೌದು, 2018ರ ಜೂನ್‌ನಿಂದ ಅಲ್ಲಿನ ಹೆಂಗಸರು ಕಾರು ಓಡಿಸುತ್ತಿದ್ದಾರೆ. ಅಂಗಡಿಯ ಕೌಂಟರಿನಲ್ಲಿ, ಕಚೇರಿಗಳಲ್ಲಿ ಸೌದಿ ಹುಡುಗ-ಹುಡುಗಿಯರೇ ಕಾಣುತ್ತಾರೆ. ಪೆಟ್ರೋಲನ್ನೊಂದೇ ನಂಬಿ ಕೂತರೆ ಮುಂದೆ ನಡೆಯದು ಎಂದು 2016ರಲ್ಲಿ ‘ವಿಷನ್ 2030’ ಪ್ರಕಟಿಸಿದ ದೇಶ ಅದು. ತನ್ನ ಮಕ್ಕಳಿಗೆ ಮೊದಲು ಕೆಲಸ ಕೊಡುವುದು ಯಾವ ದೇಶಕ್ಕೂ ಸೇರಿದ ಹಕ್ಕು. ಅದಕ್ಕೆ ನಾವು ಮುಖ ಸಿಂಡರಿಸುವುದು ಸರಿಯಲ್ಲ. ನಮ್ಮ ತಕರಾರು ಬೇರೆಯೇ. 2022ರ ಜನಗಣತಿಯಂತೆ ಅಲ್ಲಿ 3.22 ಕೋಟಿ ಜನರಿದ್ದಾರೆ, ಅವರಲ್ಲಿ 1.34 ಕೋಟಿ ವಿದೇಶಿಯರು. ಹತ್ತರಲ್ಲಿ ನಾಲ್ವರು! ಆ ದೇಶ ಹೊರಳುವಾಗ ಈ ನಾಲ್ವರಿಗೆ ಏನಾಯಿತು ಎಂದು ಲೆಕ್ಕ ಇಟ್ಟವರು ಕಡಿಮೆ. ನಮ್ಮ ಮನೆಗಳಲ್ಲೂ ಲೆಕ್ಕ ಇಟ್ಟಿಲ್ಲ, ‘ಅವನು ಎಕ್ಸಿಟ್‌ನಲ್ಲಿ ಬಂದ’ ಅಂತ ಹೇಳಿ ಸುಮ್ಮನಾಗಿದ್ದೇವೆ.

ಶುರುವಾದದ್ದು 2011ರಲ್ಲಿ, ನಿತಾಖತ್‌ನಿಂದ. ಎಷ್ಟು ಸೌದಿಗಳಿಗೆ ಕೆಲಸ ಕೊಟ್ಟಿದ್ದಾರೆ ಎಂದು ನೋಡಿ ಕಂಪನಿಗಳಿಗೆ ಕೆಂಪು, ಹಳದಿ, ಹಸಿರು ಬಣ್ಣ ಹಚ್ಚಿದರು. ಕೆಂಪು ಕಂಪನಿಯಲ್ಲಿದ್ದವನ ಇಕಾಮ ರಿನ್ಯೂವಲ್ ಆಗದು. ಅವನು ಎಷ್ಟೇ ನಿಯತ್ತಿನ ಕೆಲಸಗಾರನಾದರೂ ಅಷ್ಟೇ. 2016ರ ಸೆಪ್ಟೆಂಬರ್‌ ಹೊತ್ತಿಗೆ ಮೊಬೈಲ್ ಮಾರಾಟ, ರಿಪೇರಿಯ ಅಂಗಡಿಗಳು ಪೂರ್ತಿ ಸೌದಿಗಳ ಪಾಲಾದವು. ಎರಡು ವರ್ಷದ ನಂತರ ರೆಡಿಮೇಡ್ ಬಟ್ಟೆ, ಪಾತ್ರೆ, ಫರ್ನಿಚರ್, ವಾಚು, ಕನ್ನಡಕ ಎಂದು ಒಂದೊಂದಾಗಿ ಹನ್ನೆರಡು ಬಗೆಯ ವ್ಯಾಪಾರಕ್ಕೂ ಸೌದೀಕರಣ ಬಂತು. ಕರಾವಳಿಯ ಹುಡುಗರು ಹೋಗಿ ನಿಲ್ಲುತ್ತಿದ್ದದ್ದು ಇಂಥ ಅಂಗಡಿಗಳಲ್ಲೇ ಅಲ್ವಾ?

ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಮಾತ್ರ ಫ್ಯಾಮಿಲಿ ಫೀಸು. 2017ರ ಜುಲೈಯಿಂದ ಜೊತೆಗಿರುವ ಪ್ರತಿ ಅವಲಂಬಿತರಿಗೆ ತಿಂಗಳಿಗೆ 100 ರಿಯಾಲ್. ಮರುವರ್ಷ 200, ಆಮೇಲೆ 300, 2020ರ ಜುಲೈಗೆ 400. ಹೆಂಡತಿ ಮತ್ತು ಮೂರು ಮಕ್ಕಳಿರುವ ಮನೆಗೆ ಲೆಕ್ಕ ಹಾಕಿ ನೋಡಿ: ತಿಂಗಳಿಗೆ 1,600, ವರ್ಷಕ್ಕೆ 19,200 ರಿಯಾಲ್. ಅದೂ ಇಕಾಮ ನವೀಕರಿಸುವ ಮೊದಲೇ ಕಟ್ಟಬೇಕು. 4,000 ರಿಯಾಲ್ ಸಂಬಳದವನು ಇದನ್ನು ಕಟ್ಟಿ, ಬಾಡಿಗೆ ಕೊಟ್ಟು, ಊರಿನ ಉಮ್ಮನಿಗೆ ಏನು ಕಳಿಸಿಯಾನು? ಜುಬೈಲ್, ದಮ್ಮಾಮ್, ಜಿದ್ದಾದ ಫ್ಲ್ಯಾಟುಗಳಲ್ಲಿ ಫ್ರಿಜ್, ಸೋಫಾ ಸಿಕ್ಕಿದ ರೇಟಿಗೆ ಮಾರಿ, ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ, ಗಂಡಸರು ಮತ್ತೆ ಬ್ಯಾಚುಲರ್ ರೂಮಿಗೆ ಹೋದರು. ಅಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಇಲ್ಲಿ ಶಾಲೆಯಲ್ಲಿ ಕನ್ನಡ ಅಕ್ಷರ ಬರಲಿಲ್ಲ, ಅಲ್ಲಿಯ ನೆಲವಂತೂ ಅವರದ್ದಾಗಿರಲೇ ಇಲ್ಲ. ಆ ದೇಶದಲ್ಲಿ ಹುಟ್ಟಿದ ಮಾತ್ರಕ್ಕೆ ಆ ದೇಶದವರಾಗುವ ದಾರಿ ಇಲ್ಲ. 2019ರಲ್ಲಿ ಕಾಯಂ ವಾಸದ ಪರವಾನಗಿ ಬಂತು ನಿಜ, ಅದರ ಬೆಲೆ 8 ಲಕ್ಷ ರಿಯಾಲ್. ಅದು ಬಕಾಲದಲ್ಲಿ ನಿಲ್ಲುವವರಿಗಾಗಿ ಬಂದದ್ದಲ್ಲ ಎಂದು ಬೇರೆ ಹೇಳಬೇಕೆ.

2021ರ ಮಾರ್ಚ್‌ನಲ್ಲಿ ಒಂದು ಒಳ್ಳೆಯ ಬದಲಾವಣೆಯೂ ಆಯಿತು. ಒಂದು ವರ್ಷ ದುಡಿದ ಮೇಲೆ ಕಫೀಲನ ಒಪ್ಪಿಗೆ ಇಲ್ಲದೆ ಕೆಲಸ ಬದಲಿಸಬಹುದು, ಎಕ್ಸಿಟ್-ರೀ ಎಂಟ್ರಿ ವೀಸಾ ತಾನೇ ತೆಗೆಯಬಹುದು. ಕೇಳಿ ನಾವೂ ಅಲ್‌ಹಮ್ದುಲಿಲ್ಲಾಹ್ ಅಂದೆವು. ಆದರೆ ಹೌಸ್ ಡ್ರೈವರ್, ಮನೆಗೆಲಸದವರು, ಮನೆಯ ಕಾವಲುಗಾರ, ತೋಟದಾಳು, ಕುರಿ ಕಾಯುವವರು, ಇವರನ್ನೆಲ್ಲ ಅದರಿಂದ ಹೊರಗಿಟ್ಟರು. ಇವರಿಗೆ ಕಾರ್ಮಿಕ ಕಾನೂನೂ ಅನ್ವಯಿಸುವುದಿಲ್ಲ, ಮನೆಗೆಲಸದವರ ನಿಯಮ ಬೇರೆ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು, ರಾತ್ರಿ ಮೇಡಮ್‌ರನ್ನು ಮದುವೆ ಮನೆಯಿಂದ ಕರೆತರುವ ತನಕ ಡ್ಯೂಟಿ. ಗೇಟಿನ ಪಕ್ಕದ ಕೋಣೆಯಲ್ಲಿ ವಾಸ. ಮನೆಯ ಮಗಳೇ ಸ್ಟೇರಿಂಗ್ ಹಿಡಿದ ಮೇಲೆ ಅವನ ಅಗತ್ಯವೂ ಕಡಿಮೆ. ಒಳ್ಳೆಯ ಕಫೀಲ್ ಸಿಕ್ಕಿದವರು ಇಪ್ಪತ್ತು ವರ್ಷ ಮನೆ ಮಗನಂತೆ ಇದ್ದು ಬಂದದ್ದೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಒಬ್ಬನ ಬದುಕು ಇನ್ನೊಬ್ಬನ ಒಳ್ಳೆಯತನದ ಮೇಲೆ ನಿಂತಿದ್ದರೆ ಅದಕ್ಕೆ ಭದ್ರತೆ ಎನ್ನಲಾಗದು.

‘ಫ್ರೀ ವೀಸಾ’ದವರ ಕಥೆ ಇನ್ನೂ ಕಷ್ಟ. ಹೆಸರಿಗೆ ಫ್ರೀ, ಊರಿನ ಜಾಗ ಅಡವಿಟ್ಟು ಕೊಂಡದ್ದು! ಇಕಾಮದಲ್ಲಿ ಒಬ್ಬ ಕಫೀಲ್, ದುಡಿಯುವುದು ಬೇರೆ ಕಡೆ, ತಿಂಗಳು ತಿಂಗಳು ಕಫೀಲನಿಗೆ ಕಪ್ಪ. 2018ರಲ್ಲಿ ಪ್ರತಿ ವಿದೇಶಿ ಕೆಲಸಗಾರನ ಮೇಲಿನ ಸುಂಕ ಏರಿದಾಗ ಅದನ್ನೂ ಇವರೇ ಹೊತ್ತರು. 2020ಕ್ಕೆ ಅದು ತಿಂಗಳಿಗೆ 800 ರಿಯಾಲ್‌ವರೆಗೂ ಹೋಯಿತು. ಸಂಬಳ ಸಿಗದಿದ್ದರೆ ದೂರು ಕೊಡುವಂತಿಲ್ಲ, ಕೊಟ್ಟರೆ ಮೊದಲು ಸಿಕ್ಕಿಬೀಳುವವನು ಅವನೇ. ಕಫೀಲ್ ಸಿಟ್ಟಾಗಿ ‘ಹುರೂಬ್’ ಎಂದು ದಾಖಲಿಸಿದರೆ ತರ್ಹೀಲ್, ಆಮೇಲೆ ಬಜ್ಪೆ.

ಕಾಗದ ಪತ್ರ ಎಲ್ಲ ಸರಿ ಇದ್ದವರೂ ಪೂರ್ತಿ ಪಾರಾಗಲಿಲ್ಲ. 2016ರಲ್ಲಿ ತೈಲದ ಬೆಲೆ ಕುಸಿದು ಸರಕಾರದ ಪಾವತಿ ನಿಂತಾಗ ದೊಡ್ಡ ನಿರ್ಮಾಣ ಕಂಪನಿಗಳು ತಿಂಗಳುಗಟ್ಟಲೆ ಸಂಬಳ ಕೊಡಲಿಲ್ಲ. ಸಾವಿರಾರು ಭಾರತೀಯರು ಕ್ಯಾಂಪುಗಳಲ್ಲಿ ಊಟಕ್ಕೂ ಪರದಾಡಿದರು. ಜಿದ್ದಾದ ಕಾನ್ಸುಲೇಟ್ ಅಕ್ಕಿ-ಬೇಳೆ ಹಂಚಬೇಕಾಯಿತು, ಕೇಂದ್ರ ಸಚಿವ ವಿ.ಕೆ. ಸಿಂಗ್ ಅಲ್ಲಿಗೆ ಹೋದರು.

ಇಷ್ಟಾದರೂ ಹೋಗುವವರು ಹೋಗುತ್ತಲೇ ಇದ್ದಾರೆ, ಹೋಗಬೇಡಿ ಎನ್ನಲು ನಾವು ಯಾರು? ಆದರೆ ಹಕ್ಕಿನ ಹಣವನ್ನು ಬಿಟ್ಟು ಬರುವವರನ್ನು ಕಂಡರೆ ಸಂಕಟವಾಗುತ್ತದೆ. ಕಾರ್ಮಿಕ ಕಾನೂನಿನ ಕೆಳಗೆ ಬರುವವನಿಗೆ ಕೆಲಸ ಮುಗಿದಾಗ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ ಸಿಗಬೇಕು. ತಾನೇ ರಾಜೀನಾಮೆ ಕೊಟ್ಟರೂ ಹತ್ತು ವರ್ಷ ತುಂಬಿದ್ದರೆ ಪೂರ್ತಿ ಬರುತ್ತದೆ. ಟಿಕೆಟ್ ಸಿಕ್ಕಿದ ಖುಷಿಯಲ್ಲಿ ‘ಎಲ್ಲ ಬಂದಿದೆ’ ಎಂಬ ಅರಬಿ ಕಾಗದಕ್ಕೆ ಸಹಿ ಹಾಕಿ ಬಂದರೆ ಆಮೇಲೆ ಇಲ್ಲಿಂದ ಕೇಳುವುದು ಸುಲಭವಲ್ಲ. ಇಸಿಆರ್ ಪಾಸ್‌ಪೋರ್ಟಿನವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಇದೆ, ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಪಘಾತದಲ್ಲಿ ಜೀವ ಹೋದರೆ 10 ಲಕ್ಷ. ಆ ಕಾಗದ ಅವನ ಬ್ಯಾಗಿನಲ್ಲಿದ್ದು ಪ್ರಯೋಜನವಿಲ್ಲ, ಮನೆಯ ಕಪಾಟಿನಲ್ಲಿರಬೇಕು. ಕರಾರು ಪತ್ರದ, ಇಕಾಮದ ಪ್ರತಿಯೂ ಹೆಂಡತಿಯ ಕೈಯಲ್ಲಿರಲಿ.

ಇನ್ನು ಹೊಸದಾಗಿ ಹೋಗುವ ಹುಡುಗರ ಮನೆಯವರಿಗೆ ಒಂದು ಮಾತು. ಏಜೆಂಟ್ ‘ಕಂಪನಿ ಡ್ರೈವರ್’ ಎಂದಿರಬಹುದು. ಹಣ ಕೊಡುವ ಮೊದಲು ವೀಸಾದ ಪ್ರತಿ ಕೇಳಿ ಪಡೆದು ಅದರಲ್ಲಿ ಅರಬಿಯಲ್ಲಿ ಬರೆದ ಕೆಲಸದ ಹೆಸರನ್ನು ಓದಿಸಿ, ಮದ್ರಸದ ಉಸ್ತಾದರಿಗೆ ತೋರಿಸಿದರೂ ಸಾಕು. ಅಲ್ಲಿ ‘ಸಾಯಿಕ್ ಖಾಸ್’ ಎಂದಿದ್ದರೆ ಅದು ಹೌಸ್ ಡ್ರೈವರ್ ವೀಸಾ.