ದೀರ್ಘಕಾಲಿಕ ನೋವು: ಭಾವಾನುಭವದಲ್ಲಿ ಮಿದುಳಿನ ಪಾತ್ರ

ಕನ್ನಡದಲ್ಲಿ ಮೈಯ ಪೆಟ್ಟಿಗೂ ಮನಸ್ಸಿನ ಪೆಟ್ಟಿಗೂ ‘ನೋವು’ ಎಂಬ ಒಂದೇ ಪದ ಸಲ್ಲುತ್ತದೆ. ‘ಸೊಂಟ ನೋಯುತ್ತಿದೆ’ ಎನ್ನುವವರೇ ‘ಮನಸ್ಸು ನೊಂದಿತು’ ಎಂದೂ ಹೇಳುತ್ತಾರೆ. ಆದರೆ ಆಧುನಿಕ ವೈದ್ಯಶಾಸ್ತ್ರವು ಬಹುಕಾಲ ಇವೆರಡನ್ನೂ ಪ್ರತ್ಯೇಕವಾಗಿಟ್ಟು ನೋಡಿತು. ಈ ವಿಂಗಡಣೆಯಿಂದ ಹೆಚ್ಚು ಬಳಲಿದವರು ದೀರ್ಘಕಾಲಿಕ ನೋವಿನ, ಅಂದರೆ ಮೂರು ತಿಂಗಳಿಗೂ ಮೀರಿ ಉಳಿಯುವ ಅಥವಾ ಮರುಕಳಿಸುವ ನೋವಿನ ರೋಗಿಗಳು. ಕ್ಷ-ಕಿರಣ ಚಿತ್ರದಲ್ಲಿ ದೋಷವೇನೂ ಕಾಣದಿದ್ದಾಗ ‘ಎಲ್ಲವೂ ನಿಮ್ಮ ಕಲ್ಪನೆ’ ಎಂಬ ಮಾತನ್ನು ಅವರು ಕೇಳಬೇಕಾಗುತ್ತದೆ. ಈ ಮಾತು ಎಷ್ಟರಮಟ್ಟಿಗೆ ಅಶಾಸ್ತ್ರೀಯವೆಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ತಪ್ಪುಗ್ರಹಿಕೆಗೆ ಹಳೆಯ ಬೇರೊಂದಿದೆ. ಫ್ರೆಂಚ್ ತತ್ತ್ವಜ್ಞಾನಿ ರೆನೆ ಡೆಕಾರ್ಟ್‌ನ ಮರಣಾನಂತರ, 1660ರ ದಶಕದಲ್ಲಿ ಪ್ರಕಟವಾದ ಮಾನವ ಶರೀರ ಕುರಿತ ಗ್ರಂಥದಲ್ಲಿ ನೋವನ್ನು ಹಗ್ಗ ಎಳೆದರೆ ಬಾರಿಸುವ ಗಂಟೆಗೆ ಹೋಲಿಸಲಾಗಿದೆ. ಪಾದಕ್ಕೆ ಬೆಂಕಿ ತಾಗಿದರೆ ನರದ ಎಳೆಯೊಂದು ಜಗ್ಗಿ ಮಿದುಳಿನಲ್ಲಿ ಗಂಟೆ ಮೊಳಗುತ್ತದೆ. ಇದು ನಿಜವಾಗಿದ್ದರೆ ಗಾಯ ದೊಡ್ಡದಾದಷ್ಟೂ ನೋವು ದೊಡ್ಡದಾಗಬೇಕು. ಗಾಯ ಮಾಗಿದೊಡನೆ ಗಂಟೆಯೂ ನಿಲ್ಲಬೇಕು. ಎರಡನೆಯ ಮಹಾಯುದ್ಧದಲ್ಲಿ, 1944ರಲ್ಲಿ, ಇಟಲಿಯ ಆಂಜಿಯೊ ರಣರಂಗದಲ್ಲಿದ್ದ ಅಮೆರಿಕದ ವೈದ್ಯ ಹೆನ್ರಿ ಬೀಚರ್ ಕಂಡದ್ದು ಇದಕ್ಕೆ ವ್ಯತಿರಿಕ್ತವಾಗಿತ್ತು. ತೀವ್ರವಾಗಿ ಗಾಯಗೊಂಡ ಸೈನಿಕರಲ್ಲಿ ಬಹುಪಾಲು ಮಂದಿ, ಕೇಳಿದರೂ, ನೋವುನಿವಾರಕ ಬೇಡವೆಂದರು. ಅವರ ಪಾಲಿಗೆ ಗಾಯವೆಂದರೆ ಯುದ್ಧದಿಂದ ಬಿಡುಗಡೆ ಎಂದು ಬೀಚರ್ ವಿವರಿಸಿದರು. ಮುಂದೆ 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಮಂಡಿಸಿದ ‘ದ್ವಾರ ನಿಯಂತ್ರಣ’ ಸಿದ್ಧಾಂತವು ಬೆನ್ನುಹುರಿಯಲ್ಲಿ ನೋವಿನ ಸಂಕೇತಗಳನ್ನು ಹಿಗ್ಗಿಸುವ ಅಥವಾ ಕುಗ್ಗಿಸುವ ವ್ಯವಸ್ಥೆಯಿದೆಯೆಂದೂ ಮಿದುಳಿನಿಂದ ಇಳಿದುಬರುವ ಆದೇಶಗಳು ಅದರ ಮೇಲೆ ಪ್ರಭಾವ ಬೀರುತ್ತವೆಯೆಂದೂ ಪ್ರತಿಪಾದಿಸಿತು. ಅದರ ವಿವರಗಳು ಅನಂತರ ತಿದ್ದುಪಡಿಗೊಂಡಿದ್ದರೂ ಮೂಲ ವಿಚಾರ ಉಳಿದುಕೊಂಡಿದೆ.

ನೋವಿನಲ್ಲಿ ಎರಡು ಅಂಶಗಳುಂಟು. ಎಲ್ಲಿ, ಎಷ್ಟು ಎಂಬುದು ಒಂದು. ಅದು ಎಷ್ಟು ಅಸಹನೀಯ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಮಿದುಳಿನ ದೇಹಸಂವೇದನಾ ತೊಗಟೆಯ ಪಾತ್ರ ಮುಖ್ಯ. ಎರಡನೆಯದರಲ್ಲಿ ಮುಂಭಾಗದ ಸಿಂಗ್ಯುಲೇಟ್ ತೊಗಟೆ, ಇನ್ಸುಲಾ, ಅಮಿಗ್ಡಲಾ ಮೊದಲಾದವು ಪಾಲ್ಗೊಳ್ಳುತ್ತವೆ. 1997ರಲ್ಲಿ ಪಿಯರ್ ರೇನ್‌ವಿಲ್ ಮತ್ತು ಸಂಗಡಿಗರು ಕೆನಡಾದಲ್ಲಿ ನಡೆಸಿದ ಪ್ರಯೋಗ ಇಲ್ಲಿ ಸ್ಮರಣೀಯ. ಸ್ವಯಂಸೇವಕರ ಕೈಯನ್ನು ನೋವಾಗುವಷ್ಟು ಬಿಸಿಯಾದ ನೀರಿನಲ್ಲಿರಿಸಿ, ಸಂಮೋಹನದ ಸೂಚನೆಗಳಿಂದ ಆ ನೋವಿನ ಅಹಿತಭಾವವನ್ನು ಮಾತ್ರ ಏರಿಳಿಸಲಾಯಿತು. ನೀರಿನ ಬಿಸಿ ಅದೇ ಆಗಿದ್ದರೂ ಸಿಂಗ್ಯುಲೇಟ್ ತೊಗಟೆಯ ಚಟುವಟಿಕೆ ಅಹಿತಭಾವದೊಡನೆ ಬದಲಾಯಿತು. ದೇಹಸಂವೇದನಾ ತೊಗಟೆಯಲ್ಲಿ ಅಂತಹ ಬದಲಾವಣೆ ಕಾಣಲಿಲ್ಲ. ಇದಕ್ಕೂ ಬಹಳ ಮೊದಲು, 1928ರಲ್ಲಿ, ಶಿಲ್ಡರ್ ಮತ್ತು ಸ್ಟೆಂಗೆಲ್ ಎಂಬ ವೈದ್ಯರು ಮಿದುಳಿಗೆ ಹಾನಿಯಾದ ವಿಲಕ್ಷಣ ರೋಗಸ್ಥಿತಿಯೊಂದನ್ನು ವರ್ಣಿಸಿದ್ದರು. ಅದರಲ್ಲಿ ರೋಗಿ ಚುಚ್ಚಿದ್ದನ್ನು ಗುರುತಿಸಬಲ್ಲ. ಆದರೆ ಅದರಿಂದ ಬಾಧೆಪಡುವುದಿಲ್ಲ. ಹಾಗೆಂದು ಸಿಂಗ್ಯುಲೇಟ್ ತೊಗಟೆಯನ್ನು ‘ನೋವಿನ ಕೇಂದ್ರ’ವೆಂದು ಕರೆಯುವುದು ಆತುರದ ಮಾತಾದೀತು. ಗಮನ, ನಿರ್ಧಾರ ಮುಂತಾದ ಅನೇಕ ಕಾರ್ಯಗಳಲ್ಲೂ ಅದು ತೊಡಗುತ್ತದೆ.

ನೋವು ಹಳತಾದಂತೆ ಮಿದುಳಿನಲ್ಲಿ ಏನಾಗುತ್ತದೆ? ಷಿಕಾಗೋದ ವಾನಿಯಾ ಅಪ್ಕಾರಿಯನ್ ಅವರ ತಂಡ ಬೆನ್ನುನೋವಿನ ರೋಗಿಗಳನ್ನು ಒಂದು ವರ್ಷ ಅನುಸರಿಸಿತು. ನೋವು ಹೊಸದಾಗಿದ್ದಾಗ ತಕ್ಷಣದ ನೋವಿಗೆ ಸ್ಪಂದಿಸುವ ಭಾಗಗಳೇ ಸಕ್ರಿಯವಾಗಿದ್ದವು. ಗುಣವಾಗದೆ ಉಳಿದವರಲ್ಲಿ ಆ ಚಟುವಟಿಕೆ ಕ್ರಮೇಣ ಭಾವನೆಗೆ ಸಂಬಂಧಿಸಿದ ಜಾಲಗಳತ್ತ ಸರಿಯಿತು ಎಂದು 2013ರಲ್ಲಿ ವರದಿಯಾಯಿತು. ಯಾರಲ್ಲಿ ನೋವು ಉಳಿಯುತ್ತದೆಂಬುದನ್ನು ಹಣೆಯ ಹಿಂದಿನ ಪ್ರಿಫ್ರಂಟಲ್ ತೊಗಟೆಯ ಮಧ್ಯಭಾಗಕ್ಕೂ ಪ್ರೇರಣೆ ಹಾಗೂ ಕಲಿಕೆಗೆ ಸಂಬಂಧಿಸಿದ ಅಕ್ಯುಂಬೆನ್ಸ್ ಎಂಬ ಆಳದ ಭಾಗಕ್ಕೂ ಇರುವ ಸಂಪರ್ಕದ ಬಲದಿಂದ ಊಹಿಸಬಹುದೆಂದು ಇದೇ ತಂಡ 2012ರಲ್ಲಿ ತೋರಿಸಿತ್ತು. ಎಚ್ಚರಿಕೆಯಾಗಿ ಬಂದ ನೋವು ಇಲ್ಲಿ ಮಿದುಳು ಕಲಿತು ಮರೆಯಲಾರದ ಪಾಠವಾಗಿಬಿಡುತ್ತದೆ. ಆಮೇಲೆ ಭಯ ಚಲನೆಯನ್ನು ತಡೆಯುತ್ತದೆ, ನೋವು ನಿದ್ದೆಯನ್ನು ಕೆಡಿಸುತ್ತದೆ, ನಿದ್ದೆಗೇಡು ನೋವನ್ನು ಹೆಚ್ಚಿಸುತ್ತದೆ. ಇದನ್ನು ರೋಗಿಯ ದುರ್ಬಲ ಮನಸ್ಸು ಎನ್ನುವುದು ಅನ್ಯಾಯ. ದೀರ್ಘಕಾಲದ ಬೆನ್ನುನೋವಿನವರಲ್ಲಿ ಮಿದುಳಿನ ಬೂದುದ್ರವ್ಯ ಕುಗ್ಗಿರುವುದನ್ನು 2004ರ ಅಧ್ಯಯನವೊಂದು ಗುರುತಿಸಿತು. ಸಮಾಧಾನದ ಸಂಗತಿಯೆಂದರೆ, ಚಿಕಿತ್ಸೆಯಿಂದ ನೋವು ತಗ್ಗಿದಾಗ ತೊಗಟೆಯ ದಪ್ಪ ಮರಳಿ ಹೆಚ್ಚಿದುದು 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಕಂಡುಬಂದಿತು. ವ್ಯಾಯಾಮ ಮತ್ತು ಮನಶ್ಚಿಕಿತ್ಸೆಗಳನ್ನು ಔಷಧಿಯೊಡನೆ ಸೇರಿಸುವುದಕ್ಕೆ ಇಂತಹ ಶೋಧಗಳು ಬಲ ನೀಡುತ್ತವೆ.

ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು 1979ರಲ್ಲಿಯೇ ನೋವನ್ನು ‘ಸಂವೇದನೆಯ ಮತ್ತು ಭಾವನೆಯ ಅಹಿತಕರ ಅನುಭವ’ವೆಂದು ನಿರೂಪಿಸಿತ್ತು. 2020ರಲ್ಲಿ ಆ ನಿರೂಪಣೆಯನ್ನು ಪರಿಷ್ಕರಿಸುವಾಗ, ತನಗೆ ನೋವಿದೆಯೆಂದು ವ್ಯಕ್ತಿಯೊಬ್ಬ ಹೇಳಿದರೆ ಆ ಮಾತನ್ನು ಗೌರವಿಸಬೇಕೆಂಬ ಟಿಪ್ಪಣಿಯನ್ನು ಸೇರಿಸಲಾಯಿತು. ಮಾತಿನಲ್ಲಿ ಹೇಳಲಾಗದ ಮಾತ್ರಕ್ಕೆ ನೋವಿಲ್ಲವೆಂದು ಭಾವಿಸಲಾಗದು ಎಂಬುದೂ ಅದೇ ಟಿಪ್ಪಣಿಗಳಲ್ಲಿದೆ.