ಸಕ್ಕರೆ ಕಟ್ಟಿಸಿದ ಮನೆ

ಇಂಗ್ಲೆಂಡಿನ ಬಂದರು ನಗರ ಬ್ರಿಸ್ಟಲ್‌ನ ಗ್ರೇಟ್ ಜಾರ್ಜ್ ಸ್ಟ್ರೀಟಿನಲ್ಲಿರುವ 7ನೇ ನಂಬರಿನ ಮನೆ ಈಗ ವಸ್ತುಸಂಗ್ರಹಾಲಯ. ಹೆಸರು ‘ಜಾರ್ಜಿಯನ್ ಹೌಸ್’. 1714ರಿಂದ 1830ರವರೆಗೆ ಬ್ರಿಟನ್ನನ್ನು ಆಳಿದ ನಾಲ್ವರು ದೊರೆಗಳ ಹೆಸರೂ ಜಾರ್ಜ್ ಎಂದೇ ಇತ್ತು. ಅದರಿಂದಲೇ ಆ ಕಾಲಕ್ಕೂ ಅಂದಿನ ವಾಸ್ತುಶೈಲಿಗೂ ‘ಜಾರ್ಜಿಯನ್’ ಎಂಬ ಹೆಸರು ಬಂತು. ಸಮ ಅಳತೆಯಲ್ಲಿ ಸಾಲಾಗಿ ಜೋಡಿಸಿದ ಕಿಟಕಿಗಳು, ಹೆಚ್ಚು ಅಲಂಕಾರವಿಲ್ಲದ ಮುಂಭಾಗ ಈ ಶೈಲಿಯ ಗುರುತು.

1790ರ ಸುಮಾರಿಗೆ ಈ ಮನೆಯನ್ನು ಕಟ್ಟಿಸಿದವನು ಜಾನ್ ಪಿನ್ನಿ ಎಂಬ ಸಿರಿವಂತ. ಇಂದು ನಾಲ್ಕು ಅಂತಸ್ತುಗಳಲ್ಲಿ ಹನ್ನೊಂದು ಕೋಣೆಗಳನ್ನು ನೋಡಬಹುದು. ಮೇಲೆ ಊಟದ ಮನೆ, ಓದುವ ಕೋಣೆ, ಅತಿಥಿಗಳ ದಿವಾನಖಾನೆ, ಮಲಗುವ ಕೋಣೆ. ನೆಲಮಾಳಿಗೆಯಲ್ಲಿ ಅಡುಗೆಮನೆ, ಬಟ್ಟೆ ಒಗೆಯುವ ಕೋಣೆ, ಜೊತೆಗೆ ಇಳಿದು ಮುಳುಗು ಹಾಕಲು ತಣ್ಣೀರಿನ ತೊಟ್ಟಿ. ತಣ್ಣೀರು ಸ್ನಾನ ದೇಹಕ್ಕೆ ಹಿತವೆಂಬುದು ಆ ಕಾಲದವರ ನಂಬಿಕೆ.

ಇಷ್ಟೆಲ್ಲ ಕಟ್ಟಿಸಲು ಹಣ ಎಲ್ಲಿಂದ ಬಂತು? ವೆಸ್ಟ್ ಇಂಡೀಸ್‌ನ ನೆವಿಸ್ ದ್ವೀಪದಲ್ಲಿ ಪಿನ್ನಿಗೆ ಕಬ್ಬಿನ ತೋಟವಿತ್ತು. ಅಲ್ಲಿ ದುಡಿಯುತ್ತಿದ್ದವರು ಆಫ್ರಿಕಾ ಮೂಲದ ಗುಲಾಮರು. 1765ರಲ್ಲಿ ಅವನು ಪೆರೋ ಎಂಬ ಹನ್ನೆರಡು ವರ್ಷದ ಹುಡುಗನನ್ನು, ಅವನ ಇಬ್ಬರು ಸೋದರಿಯರೊಂದಿಗೆ ಕೊಂಡುಕೊಂಡ. 1783ರಲ್ಲಿ ಸಂಸಾರ ಸಮೇತ ಇಂಗ್ಲೆಂಡಿಗೆ ಮರಳುವಾಗ ಪೆರೋನನ್ನೂ ಕರೆತಂದ. ಒಡೆಯನ ಖಾಸಾ ಆಳಾಗಿ ಪೆರೋ ಇದೇ ಮನೆಯಲ್ಲಿದ್ದ. ಇಲ್ಲೇ ಫ್ಯಾನಿ ಕೋಕರ್ ಎಂಬಾಕೆಯೂ ಕೆಲಸಕ್ಕಿದ್ದಳು. ನೆವಿಸ್‌ನಲ್ಲಿ ಗುಲಾಮಳಾಗಿದ್ದ ಆಕೆಗೆ 1778ರಲ್ಲಿ ಬಿಡುಗಡೆ ಸಿಕ್ಕಿತ್ತು. ಪೆರೋನಿಗೆ ಆ ಭಾಗ್ಯ ಒದಗಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ದುಡಿದು, 1798ರಲ್ಲಿ ಗುಲಾಮನಾಗಿಯೇ ತೀರಿಕೊಂಡ. ಬ್ರಿಟನ್ ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದು 1807ರಲ್ಲಿ. ವಸಾಹತುಗಳಲ್ಲಿ ಗುಲಾಮಗಿರಿಯನ್ನೇ ಕೊನೆಗಾಣಿಸುವ ಕಾಯಿದೆ ಬಂದದ್ದು 1833ರಲ್ಲಿ.

ಪೆರೋನ ಬಗ್ಗೆ ನಮಗೆ ತಿಳಿದಿರುವುದು ಬಹುಪಾಲು ಒಡೆಯನ ಲೆಕ್ಕದ ಪುಸ್ತಕಗಳಿಂದ, ಪತ್ರಗಳಿಂದ. ಪಿನ್ನಿ ಎಲ್ಲಕ್ಕೂ ಲೆಕ್ಕವಿಡುತ್ತಿದ್ದ. ತೋಟದ ಸಾಮಾನಿನಂತೆ ಮನುಷ್ಯರೂ ಆ ಲೆಕ್ಕದೊಳಗೆ ಸೇರಿದ್ದರು. ಆ ಕಾಗದಪತ್ರಗಳು ಈಗ ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿವೆ.

ಹಳೆಯ ಮನೆಗಳನ್ನು ಉಳಿಸುವವರ ಕಣ್ಣು ಸಾಮಾನ್ಯವಾಗಿ ಮೇಜು, ಕುರ್ಚಿ, ಪಿಂಗಾಣಿಗಳ ಮೇಲೆ ಇರುತ್ತದೆ. 1930ರ ದಶಕದ ಕೊನೆಯಲ್ಲಿ ನಗರಕ್ಕೆ ದಾನವಾಗಿ ಬಂದ ಈ ಮನೆಯೂ ಸಿರಿವಂತರ ಬದುಕನ್ನು ತೋರಿಸಲೆಂದೇ ಸಜ್ಜಾಯಿತು. ಇಂದು ಅಲ್ಲಿ ನೆವಿಸ್‌ನ ತೋಟದ ಕತೆಗೂ ಪೆರೋನ ಕತೆಗೂ ಜಾಗ ದೊರೆತಿದೆ. 1999ರಲ್ಲಿ ಬ್ರಿಸ್ಟಲ್ ಬಂದರಿನ ಹೊಸ ಕಾಲುಸೇತುವೆಗೆ ‘ಪೆರೋ ಸೇತುವೆ’ ಎಂದು ಹೆಸರಿಟ್ಟರು. ಮನೆ ನೋಡಲು ಹೋದವರು ಆ ಸೇತುವೆಯ ಮೇಲೂ ನಡೆದು ಬರಬೇಕು. ಆಗಲೇ ಆ ಮನೆಯನ್ನು ಪೂರ್ತಿ ನೋಡಿದಂತೆ.